ಹುಲ್ಲಿನ ಗುಡಿಯಿಂದ ಕಪಾಲಬೆಟ್ಟದವರೆಗೆ

2019ರ ಡಿಸೆಂಬರ್ 25ರಂದು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಏಸುಕ್ರಿಸ್ತನ ಪ್ರತಿಮೆಗೆ ಶಂಕುಸ್ಥಾಪನೆ ನಡೆಯಿತು. ಅಡಿಗಲ್ಲು ಇಟ್ಟವರು ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್. ಅಲ್ಲಿಂದ ಮುಂದಿನ ಕೆಲವು ವಾರ ಈ ಬೆಟ್ಟದ ಹೆಸರು ರಾಜ್ಯದ ಎಲ್ಲ ಚಾನೆಲ್‌ಗಳಲ್ಲೂ ಕೇಳಿಬಂತು. ಗೋಮಾಳ ಯಾರದ್ದು, ಹತ್ತು ಎಕರೆ ಕೊಟ್ಟದ್ದು ಸರಿಯೋ ತಪ್ಪೋ, ಪ್ರತಿಮೆ ಬೇಕೋ ಬೇಡವೋ ಎಂದು ವಾದ ನಡೆಯಿತು. ಜನವರಿಯಲ್ಲಿ ‘ಕನಕಪುರ ಚಲೋ’ ಕೂಡ ಆಯಿತು. ಇಷ್ಟೆಲ್ಲ ಗದ್ದಲದ ನಡುವೆ ಒಂದು ಪ್ರಶ್ನೆ ಮಾತ್ರ ಕೇಳಿಸಲಿಲ್ಲ. ಈ ಊರಿನ ಕ್ರೈಸ್ತರು ಎಲ್ಲಿಂದಲೋ ನಿನ್ನೆ ಮೊನ್ನೆ ಬಂದು ಸೇರಿದವರಲ್ಲ. ಹಾಗಿದ್ದರೆ ಇಷ್ಟು ತಲೆಮಾರು ಅವರು ಎಂಥ ಚಾವಣಿಯ ಕೆಳಗೆ ಮೊಣಕಾಲೂರಿದ್ದರು?

ಹಳೆಯ ಚರ್ಚು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರ, ಇಲ್ಲವೇ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಅಂಥ ಗೋಪುರ ಹುಡುಕಿಕೊಂಡು ಹೊರಟರೆ ಸಿಗುವುದಿಲ್ಲ. ಆದರೆ ಕನ್ನಡ ನಾಡಿನ ಒಳಭಾಗದ ಬಹು ಹಳೆಯ ಕ್ರೈಸ್ತ ಊರುಗಳಲ್ಲಿ ಕೆಲವು ಇಲ್ಲೇ ಇವೆ. ಇಲ್ಲಿ ಸಭೆ, ಎಂದರೆ ಭಕ್ತರ ಸಮುದಾಯ, ಹಳೆಯದು; ಕಟ್ಟಡ ಹೊಸದು. ಚರಿತ್ರೆ ಬರೆಯುವವರು ಕಟ್ಟಡದಿಂದ ಶುರುಮಾಡುವುದರಿಂದ ಈ ಊರುಗಳು ಪುಸ್ತಕದಿಂದ ಹೊರಗೇ ಉಳಿದಿವೆ ಎಂಬುದು ನನ್ನ ತಕರಾರು.

ಹಾರೋಬೆಲೆ ಇರುವುದು ಅರ್ಕಾವತಿಯ ದಂಡೆಯಲ್ಲಿ. ನಂದಿಬೆಟ್ಟದ ಕಡೆ ಹುಟ್ಟಿದ ಹೊಳೆ ರಾಮನಗರ, ಕನಕಪುರಗಳನ್ನು ದಾಟಿ, ಈ ಊರ ಬಳಿ ಈಗ ಜಲಾಶಯದಲ್ಲಿ ನಿಂತು, ಮುಂದೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಕಥೋಲಿಕರವು. ಅವರ ಮಾತು, ಬೇಸಾಯ, ರೇಷ್ಮೆ, ಮುದ್ದೆ, ಸಾರು ಎಲ್ಲವೂ ಅಕ್ಕಪಕ್ಕದ ಊರಿನವರದೇ. ತಮ್ಮ ಹಿರಿಯರು ಕ್ರಿಸ್ತನನ್ನು ನಂಬಿ ನಾಲ್ಕು ನೂರು ವರ್ಷವಾಯಿತು ಎಂದು ಊರಿನವರು ಹೇಳುತ್ತಾರೆ. ನಾಲ್ಕು ನೂರು ಎಂಬುದು ಊರಿನ ನೆನಪಿನ ಲೆಕ್ಕ. ಕಾಗದದ ಲೆಕ್ಕ ಅದಕ್ಕಿಂತ ತುಸು ಕಡಿಮೆ, ಆದರೆ ತೀರಾ ದೂರವಿಲ್ಲ.

ಮೈಸೂರು ರಾಜ್ಯದಲ್ಲಿ ಜೆಸ್ವಿತರ ಮಿಷನ್ ನೆಲೆಯೂರಿದ್ದು 1648–49ರ ಹೊತ್ತಿಗೆ. ಶ್ರೀರಂಗಪಟ್ಟಣದಲ್ಲಿ ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಬಂದ ಗುರುವಿನ ಹೆಸರು ಲಿಯೊನಾರ್ಡೊ ಸಿನ್ನಾಮಿ, ಇಟಲಿಯವನು. ನಾಲ್ಕು ದಶಕ ಮೊದಲು ಮಧುರೆಯಲ್ಲಿ ರಾಬರ್ಟೊ ದಿ ನೊಬಿಲಿ ತುಳಿದ ಹಾದಿಯನ್ನೇ ಈತನೂ ಹಿಡಿದ. ಕಾವಿ ಉಟ್ಟ, ಮಾಂಸ ಬಿಟ್ಟ, ಸನ್ಯಾಸಿಯಂತೆ ಊರೂರು ತಿರುಗಿದ. ಕನ್ನಡ ಕಲಿತು ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕಗಳನ್ನೂ ಬರೆದ. ಶ್ರೀರಂಗಪಟ್ಟಣದಿಂದ ಪೂರ್ವಕ್ಕೆ, ಕಾಡಂಚಿನ ಕಾನಕಾನಹಳ್ಳಿ ಸೀಮೆಗೆ, ಎಂದರೆ ಇಂದಿನ ಕನಕಪುರದ ಕಡೆಗೆ, ಈ ಗುರುಗಳ ಓಡಾಟ ಆ ಶತಮಾನದಲ್ಲೇ ಶುರುವಾಯಿತು. ಅವರು ವರ್ಷಕ್ಕೊಮ್ಮೆ ಗೋವಾಕ್ಕೂ ರೋಮಿಗೂ ಬರೆದ ಪತ್ರಗಳನ್ನು ಆಧರಿಸಿ ಡಿ. ಫೆರೋಲಿ 1955ರಲ್ಲಿ ಮೈಸೂರಿನ ಜೆಸ್ವಿತರ ಚರಿತ್ರೆಯನ್ನು ಗ್ರಂಥವಾಗಿ ಬರೆದರು.

ಆ ಕಾಲದ ಗುಡಿ ಹೇಗಿತ್ತು? ಮಣ್ಣಿನ ಗೋಡೆ, ಬಿದಿರಿನ ಗಳ, ಮೇಲೆ ಹುಲ್ಲು. ಸಗಣಿ ಸಾರಿಸಿದ ನೆಲ, ಒಂದು ಕಡೆ ಮಣ್ಣಿನದೇ ಪೀಠ, ಅದರ ಮೇಲೊಂದು ಮರದ ಶಿಲುಬೆ. ಊರಿನ ಮನೆಗೂ ಗುಡಿಗೂ ಇದ್ದ ವ್ಯತ್ಯಾಸ ಅಷ್ಟೇ. ಗುರುಗಳು ವರ್ಷಕ್ಕೆ ಕೆಲವೇ ಸಲ ಬರುತ್ತಿದ್ದರು. ಉಳಿದ ದಿನ ಜಪ ನಡೆಸುವುದು, ಮಕ್ಕಳಿಗೆ ಮಂತ್ರ ಕಲಿಸುವುದು, ಸಾಯುವವರ ಹತ್ತಿರ ಕೂರುವುದು ಎಲ್ಲವೂ ಉಪದೇಶಿಯ ಪಾಲಿನದು. ಇಂಥ ಗುಡಿ ಕಟ್ಟಲು ಒಂದು ವಾರ ಸಾಕು. ಬೆಂಕಿ ಬಿದ್ದರೆ, ಪಾಳೆಯಗಾರನ ದಂಡು ಬಂದರೆ, ಎರಡು ಮಳೆಗಾಲ ಯಾರೂ ಹುಲ್ಲು ಹೊದಿಸದೇ ಇದ್ದರೆ ಹೋಗುವುದೂ ಅಷ್ಟೇ ಬೇಗ. ಆದ್ದರಿಂದ ಹದಿನೇಳನೆಯ ಶತಮಾನದ ಗೋಡೆ ತೋರಿಸಿ ಎಂದು ಹಾರೋಬೆಲೆಯವರನ್ನು ಕೇಳುವುದು ನ್ಯಾಯವಲ್ಲ. ಅದೇ ಕಾಲದ ರೈತನ ಮನೆ ತೋರಿಸಿ ಎಂದು ಮಿಕ್ಕ ಊರಿನವರನ್ನು ನಾವು ಕೇಳುತ್ತೇವೆಯೇ?

ಹದಿನೆಂಟನೆಯ ಶತಮಾನದ ಕೊನೆ ಈ ಸಭೆಗಳಿಗೆ ಕಷ್ಟದ ಕಾಲ. 1759ರಲ್ಲಿ ಪೋರ್ಚುಗಲ್ ತನ್ನ ನೆಲದಿಂದ ಜೆಸ್ವಿತರನ್ನು ಹೊರಹಾಕಿತು. 1773ರಲ್ಲಿ ಪೋಪರೇ ಆ ಸಂಘವನ್ನು ರದ್ದು ಮಾಡಿದರು. ಇದ್ದ ಗುರುಗಳು ಮುದುಕರಾಗಿ ತೀರಿಕೊಂಡರು, ಬದಲಿಗೆ ಬರಬೇಕಾದವರು ಬರಲಿಲ್ಲ. ಪ್ಯಾರಿಸ್‌ನ ವಿದೇಶಿ ಮಿಷನ್ ಸಂಘ ಜವಾಬ್ದಾರಿ ವಹಿಸಿಕೊಂಡರೂ ಕೈಯಲ್ಲಿ ಜನರಿರಲಿಲ್ಲ. ಅಷ್ಟರಲ್ಲಿ ಮೈಸೂರು ಯುದ್ಧಗಳು ಬಂದವು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಮೈಸೂರು ಸೀಮೆಯ ಒಳಗಿದ್ದ ಗುಡಿಗಳೂ ಆ ದಶಕಗಳಲ್ಲಿ ಹಾಳುಬಿದ್ದವು.

1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಚದುರಿದವರನ್ನು ಹುಡುಕಿಕೊಂಡು ಬಂದವರು ಫ್ರೆಂಚ್ ಗುರು ಅಬ್ಬೆ ದುಬೊಯಿ. ಹಿಂದೂ ಆಚಾರಗಳ ಬಗ್ಗೆ ಬರೆದ ಪುಸ್ತಕದಿಂದ ಅವರನ್ನು ಓದುಗರು ಬಲ್ಲರು. ಸಿಡುಬಿನ ವಿರುದ್ಧ ಸಾವಿರಾರು ಮಂದಿಗೆ ದೇವಿ ಹಾಕಿಸಿದ ಕೆಲಸಕ್ಕಾಗಿ ಮೈಸೂರು ಅವರನ್ನು ನೆನೆಯಬೇಕು. ಕಟ್ಟಡಗಳ ಮಟ್ಟಿಗೆ ಅವರದು ದೊಡ್ಡ ಹೆಸರಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಸಾದಾ ದೇವಾಲಯವೊಂದು ಎದ್ದಿತು, ಅಲ್ಲಲ್ಲಿ ಗುಡಿಸಲಿನಂಥ ಗುಡಿಗಳು ಎದ್ದವು. 1823ರಲ್ಲಿ ಅವರು ಹಡಗು ಹತ್ತಿದಾಗ ಮೈಸೂರಿನಲ್ಲಿ ಹೇಳಿಕೊಳ್ಳುವಂಥ ಗೋಪುರವಿರಲಿಲ್ಲ. ಆದರೆ ಸಭೆಗಳು ಮತ್ತೆ ಸೇರಿದ್ದವು, ಹೆಸರುಗಳು ಮತ್ತೆ ದಾಖಲಾಗತೊಡಗಿದ್ದವು.

ಇದೇ ಹೊತ್ತಿಗೆ ರಾಮನಗರಕ್ಕೆ ಹೊಸ ಹೆಸರು ಬಂದಿತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು ಬೆಳೆಸಿದ ಊರು ಕ್ಲೋಸ್‌ಪೇಟೆ ಆಯಿತು. ಆ ಹೆಸರು ಊರಿನಿಂದ ಅಳಿಸಿಹೋಗಿ ಎಷ್ಟೋ ಕಾಲವಾಯಿತು, ಕಲ್ಲಿನಲ್ಲಿ ಮಾತ್ರ ಉಳಿಯಿತು. ರಾಮನಗರ, ಮಾಗಡಿಯ ಬೆಟ್ಟಗಳನ್ನೆಲ್ಲ ಒಳಗೊಂಡು ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಾಸಿರುವ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಸೀಮೆಯಲ್ಲಿ ಕಟ್ಟಿದ ಯಾವ ಗುಡಿ, ಮಸೀದಿ, ಚರ್ಚು, ಛತ್ರವೇ ಆಗಲಿ, ಅದರ ತಳಪಾಯಕ್ಕೆ ಹೆಚ್ಚಾಗಿ ಹೋಗಿರುವುದು ಇದೇ ಕಲ್ಲು.

ಆ ಕಲ್ಲನ್ನು ಎಬ್ಬಿಸುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಭೋವಿಗಳು ಬಂಡೆಯ ಮೇಲೆ ಸಾಲಾಗಿ ಕಟ್ಟಿಗೆ ಹರಡಿ ಬೆಂಕಿ ಹಚ್ಚುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಇವೆರಡರ ನಡುವೆ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಬಿಗಿಯಾದ ಕಲ್ಲಿನ ಸದ್ದೇ ಬೇರೆ, ಪದರ ಬಿಟ್ಟ ಕಲ್ಲಿನ ಟೊಳ್ಳು ಸದ್ದೇ ಬೇರೆ. ಸದ್ದು ಬದಲಾದ ಕಡೆಗೆ ಕಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ ಅಂಗಳದಷ್ಟು ದೊಡ್ಡ ಹಾಳೆ ಒಂದೇ ದಪ್ಪದಲ್ಲಿ ಏಳುತ್ತದೆ. ಆಮೇಲೆ ಸಾಲಾಗಿ ಕುಳಿ ತೋಡಿ, ಉಕ್ಕಿನ ಬೆಣೆ ಹೊಡೆದು ಬೇಕಾದ ಅಗಲಕ್ಕೆ ಸೀಳುವುದು. ಬೆಂಗಳೂರು ಸುತ್ತಲಿನ ಹಳೆಯ ಮನೆಗಳ ಮೇಲ್ಚಪ್ಪಡಿ, ಹೊಲದ ಬೇಲಿಗಲ್ಲು, ಚರ್ಚಿನ ಮೆಟ್ಟಿಲು, ಸಮಾಧಿಯ ಹಾಸು ಎಲ್ಲ ಹೀಗೆ ಬಂದವು. ಕಿವಿಯೇ ಅಳತೆಗೋಲಾಗಿದ್ದ ಈ ಕಸುಬು ದೊಡ್ಡ ವಿದ್ಯೆ ಎಂದೇ ನಾನು ತಿಳಿದಿದ್ದೇನೆ. ಯಾವ ಚರ್ಚಿನ ಅಡಿಗಲ್ಲಿನ ಮೇಲೂ ಆ ಕೆಲಸಗಾರರ ಹೆಸರನ್ನು ಕೆತ್ತುವ ರೂಢಿ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಫ್ರೆಂಚ್ ಗುರುಗಳು ಮಣ್ಣು ಬಿಟ್ಟು ಇಟ್ಟಿಗೆ ಗಾರೆಗೆ ಬಂದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ನೆರವಿನಿಂದ 1843ರಲ್ಲಿ ದೇವಾಲಯವೊಂದು ಎದ್ದಿತು. ಅದೇ ಜಾಗದಲ್ಲಿ 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಕಟ್ಟಡವೇ ಇಂದಿನ ಸಂತ ಫಿಲೋಮಿನಾ. ಬೆಂಗಳೂರಿನ ಸಂತ ಮರಿಯಮ್ಮನವರ ದೇವಾಲಯವೂ ಹುಲ್ಲಿನ ಗುಡಿಯಾಗಿಯೇ ಹುಟ್ಟಿತು, ಬಿದ್ದು ಎದ್ದು ಬೆಳೆದು 1882ರಲ್ಲಿ ಈಗಿನ ಗಾತಿಕ್ ರೂಪ ಪಡೆಯಿತು. ಹಾಸನದ ಶೆಟ್ಟಿಹಳ್ಳಿಯ ಕಥೆ ಇನ್ನೊಂದು ಬಗೆಯದು. 1860ರ ದಶಕದಲ್ಲಿ ಕಟ್ಟಿದ ಎತ್ತರದ ಇಗರ್ಜಿ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು, ಜನ ಬೇರೆಡೆಗೆ ಹೋದರು, ಗೋಡೆಗಳು ಮಾತ್ರ ನಿಂತಿವೆ. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹಾರೋಬೆಲೆಗೆ ಫೋಟೊ ತೆಗೆಯಲು ಯಾರೂ ಹೋಗುವುದಿಲ್ಲ. ಸಭೆ ಬಿಟ್ಟುಹೋದ ಕಟ್ಟಡಕ್ಕೆ ಸಿಗುವ ಮರ್ಯಾದೆ ಕಟ್ಟಡವಿಲ್ಲದೆಯೂ ಉಳಿದ ಸಭೆಗೆ ಸಿಗದಿರುವುದು ನನಗೆ ನೋವಿನ ಸಂಗತಿ.

1876–78ರ ಬರಗಾಲ ಮೈಸೂರಿನ ಹಳ್ಳಿಗಳನ್ನು ಬರಿದು ಮಾಡಿತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಬೆಂಗಳೂರು ಸುತ್ತಿನ ಸಿಲುವೇಪುರ, ಮರಿಯಾಪುರದಂಥ ಊರುಗಳು ಬೇಸಾಯದ ಜಮೀನಿನೊಂದಿಗೆ ಮಿಷನ್ ನೆಲೆಗೊಳಿಸಿದ ಊರುಗಳಾದದ್ದು ಆ ಬರದ ನಂತರ. ಹಾರೋಬೆಲೆಯಂಥ ಹಳೆಯ ಸಭೆಗಳನ್ನೂ ಬರದ ನಂತರ ನೆಲೆಗೊಂಡ ಸಭೆಗಳನ್ನೂ ಒಂದೇ ತಕ್ಕಡಿಗೆ ಹಾಕಿ ‘ಮಿಷನರಿ ಊರುಗಳು’ ಎಂದು ತಳ್ಳಿಬಿಡುವವರು ಇದ್ದಾರೆ. ಎರಡರ ನಡುವೆ ಸುಮಾರು ಇನ್ನೂರು ವರ್ಷದ ಅಂತರವಿದೆ.

ಗಾರೆಯ ಕಾಲದ ಗೋಡೆಗಳನ್ನು ಓದುವುದು ಕಷ್ಟವಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಂದಿಗೆ ಗಾರೆಯ ಗಾಣಕ್ಕೆ ಹಾಕುತ್ತಿದ್ದರು. ದುಂಡಗಿನ ಕಾಲುವೆಯೊಳಗೆ ಕಲ್ಲಿನ ಚಕ್ರ, ಅದನ್ನು ಎಳೆಯುವ ಎತ್ತು. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿದರೆ ಗಾರೆ ಅಂಟು ಹಿಡಿಯುತ್ತದೆ. ಸಿಮೆಂಟಿನಂತೆ ಇದು ಒಂದೇ ದಿನಕ್ಕೆ ಕಲ್ಲಾಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ವರ್ಷಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಮೇಲೆ ಅನುಕೂಲವಿದ್ದರೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಗಾರೆಯಲ್ಲಿ ಕೂರಿಸಿದ್ದು. ಅನುಕೂಲವಿಲ್ಲದಿದ್ದರೆ ನಾಡಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹೆಂಚು ನಿಧಾನವಾಗಿ ಘಟ್ಟ ಹತ್ತಿ ಬಂತು. ಪ್ರೊಟೆಸ್ಟೆಂಟರು ಸುಟ್ಟ ಹೆಂಚು ಕಥೋಲಿಕರ ಗುಡಿ, ಲಿಂಗಾಯತರ ಮಠ, ಸರ್ಕಾರಿ ಶಾಲೆಗಳನ್ನೆಲ್ಲ ಹೊದ್ದಿತು.

ಇಂಥ ಗೋಡೆಗೆ ಇಂದು ಆಗುತ್ತಿರುವ ದೊಡ್ಡ ಅಪಾಯ ಅಲಕ್ಷ್ಯವಲ್ಲ, ಪ್ರೀತಿ. ಹಬ್ಬಕ್ಕೆ ಮುಂಚೆ ಗುಡಿ ಚೆನ್ನಾಗಿ ಕಾಣಲಿ ಎಂದು ಗಾರೆ ಉದುರಿದ ಕಡೆ ಸಿಮೆಂಟು ಮೆತ್ತುತ್ತಾರೆ, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯುತ್ತಾರೆ. ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಕೆಲವು ವರ್ಷಕ್ಕೆ ಗೋಡೆ ಉಬ್ಬುತ್ತದೆ. ‘ಹಳೆಯ ಕಟ್ಟಡ ಶಿಥಿಲವಾಗಿದೆ’ ಎಂದು ಠರಾವಾಗುತ್ತದೆ. ಜೆಸಿಬಿ ಬರುತ್ತದೆ. ಹೊಸ ದೇವಾಲಯದ ಕಾಂಕ್ರೀಟ್ ಕಂಬ ಏಳುತ್ತದೆ. ಕೆಡವಿದವರನ್ನು ದೂರುವ ಮನಸ್ಸು ನನಗಿಲ್ಲ. ನೂರು ಮಂದಿಗೆಂದು ಕಟ್ಟಿದ ಕಡೆ ಸಾವಿರ ಮಂದಿ ಸೇರುವಾಗ ಊರು ದೊಡ್ಡ ಚಾವಣಿ ಬಯಸುವುದು ಸಹಜ. ಕೂಲಿಯ ಹಣ, ರೇಷ್ಮೆಗೂಡು ಮಾರಿದ ಹಣ ಸೇರಿಸಿ ಊರಿನವರು ಕಟ್ಟಿದ ಕಟ್ಟಡವನ್ನು ಪೇಟೆಯವರು ಬಂದು ಚೆಂದವಿಲ್ಲ ಎನ್ನುವುದು ಸಲ್ಲದು. ಕೆಡವುವ ಮುಂಚೆ ಅಳತೆ, ಚಿತ್ರ, ದಾಖಲೆ ಮಾಡಿಕೊಳ್ಳುವುದಿಲ್ಲ ಎಂಬುದಷ್ಟೇ ಕೊರತೆ.

ಒಳಗಿನ ಬದಲಾವಣೆಯೂ ಕಟ್ಟಡದ ಚರಿತ್ರೆಯೇ. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲತೀನಿನ ಪೂಜೆ ಕನ್ನಡಕ್ಕೆ ಬಂತು. ಅಲ್ಲಿಯವರೆಗೆ ಪೀಠ ಗೋಡೆಗೆ ಅಂಟಿಕೊಂಡಿತ್ತು, ಗುರುಗಳು ಜನರಿಗೆ ಬೆನ್ನು ಮಾಡಿ ಪೂಜೆ ಅರ್ಪಿಸುತ್ತಿದ್ದರು. ಆಮೇಲೆ ಪೀಠ ಮುಂದಕ್ಕೆ ಬಂತು, ಗುರುಗಳು ಜನರ ಕಡೆ ತಿರುಗಿದರು. ಜನರನ್ನೂ ಪೀಠವನ್ನೂ ಬೇರ್ಪಡಿಸುತ್ತಿದ್ದ ಕಟಕಟೆ ಎಷ್ಟೋ ಕಡೆ ಹೋಯಿತು. ತಾಯಿನುಡಿಯಲ್ಲಿ ಪೂಜೆ ಎಂಬುದು ಸಲೀಸಾಗಿ ಸಿಕ್ಕಿದ್ದೂ ಅಲ್ಲ. ಬೆಂಗಳೂರು ಧರ್ಮಪ್ರಾಂತ್ಯದಲ್ಲಿ ಕನ್ನಡಕ್ಕೆ ಅದರ ಜಾಗ ಸಿಗಲೆಂದು ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಬೇಕಾಯಿತು.

ಇನ್ನು ಹಾರೋಬೆಲೆಗೆ ಬರೋಣ. ಈ ಊರಿನ ನಿಜವಾದ ದೇವಾಲಯ ನಾಲ್ಕು ಗೋಡೆಯೊಳಗೆ ಹಿಡಿಯುವಂಥದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಶುಭ ಶುಕ್ರವಾರದ ಸುಮಾರಿಗೆ ಇಲ್ಲಿ ಕ್ರಿಸ್ತನ ಪಾಡುಗಳ ನಾಟಕ ನಡೆಯುತ್ತದೆ. ಅದಕ್ಕೆ ನೂರು ವರ್ಷ ದಾಟಿದೆ. ಪಿಲಾತ, ಪೇತ್ರ, ಯೂದ, ಕಾವಲಿನ ಸಿಪಾಯಿಗಳು ಎಲ್ಲರೂ ಊರಿನವರೇ. ಜರ್ಮನಿಯ ಒಬರಾಮರ್‌ಗೌ ಎಂಬ ಹಳ್ಳಿ ಇಂಥದ್ದೇ ನಾಟಕದಿಂದ ಜಗತ್ತಿಗೆಲ್ಲ ಹೆಸರಾಗಿದೆ. ಪ್ಲೇಗಿನಿಂದ ಪಾರಾದರೆ ಆಡುತ್ತೇವೆ ಎಂದು ಹರಕೆ ಹೊತ್ತು 1634ರಲ್ಲಿ ಅವರು ಶುರುಮಾಡಿದರು, ಈಗ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. ಹಾರೋಬೆಲೆಯವರದು ವರ್ಷವರ್ಷದ ವ್ರತ.

ಕಪಾಲಬೆಟ್ಟವೂ ಹಾಗೆಯೇ. ಕ್ರಿಸ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಗುಡ್ಡದ ನೆನಪಿನಲ್ಲಿ ಊರಿನವರು ಬೆಟ್ಟಕ್ಕೆ ಇಟ್ಟ ಹೆಸರು ಅದು. ಪ್ರತಿಮೆಯ ಮಾತು ಹುಟ್ಟುವುದಕ್ಕೆ ಬಹಳ ಮುಂಚಿನಿಂದ ಅಲ್ಲಿ ಶಿಲುಬೆ ಹಾದಿ ನಡೆದಿದೆ. ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಒಂದೊಂದರಲ್ಲೂ ಜಪಿಸಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಮಂಡಿಯೂರಿ ಏಳುವುದು ಸುಲಭವಲ್ಲ. ಹೊಳೆ, ಬಂಡೆ, ಬೇಲದ ಮರ, ಸೀಗೆಯ ಪೊದೆ ಇರುವ ಬೆಟ್ಟವನ್ನೇ ಒಂದು ಸಭೆ ತಲೆಮಾರುಗಳ ಕಾಲ ದೇವಾಲಯ ಮಾಡಿಕೊಂಡಿದೆ. ಅಲ್ಲಿ ಪ್ರತಿಮೆ ಬೇಕೇ ಎಂಬುದಕ್ಕೆ ಕಾನೂನಿನ ಉತ್ತರ, ರಾಜಕೀಯದ ಉತ್ತರ ಬೇರೆಬೇರೆ ಇರಬಹುದು. ಆ ಬೆಟ್ಟದೊಂದಿಗೆ ಊರಿಗೆ ಇರುವ ನಂಟು ಮಾತ್ರ 2019ರಲ್ಲಿ ಹುಟ್ಟಿದ್ದಲ್ಲ. ವಾದ ಮಾಡುವ ಎರಡೂ ಕಡೆಯವರು ಇದನ್ನು ಮೊದಲು ಒಪ್ಪಿಕೊಂಡು ಮಾತಾಡಬೇಕಿತ್ತು.

ಈ ಸೀಮೆಯ ದಾಖಲೆಗಳು ಒಂದೆಡೆ ಇಲ್ಲ. ಜೆಸ್ವಿತರ ಪತ್ರಗಳು ರೋಮಿನಲ್ಲಿವೆ. ಫ್ರೆಂಚ್ ಗುರುಗಳ ಕಾಗದಗಳು ಪ್ಯಾರಿಸ್‌ನ ರೂ ದ್ಯು ಬಾಕ್ ಬೀದಿಯ ಮಿಷನ್ ಮನೆಯಲ್ಲಿವೆ. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾಗುವವರೆಗೆ ಈ ಊರುಗಳು ಮೈಸೂರಿಗೆ ಸೇರಿದ್ದವು. ಹಾಗಾಗಿ ಕೆಲವು ಅಲ್ಲಿ, ಕೆಲವು ಇಲ್ಲಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿಯ ಶಾಸನಗಳಿವೆ. ಸ್ವತಃ ಬೆಂಗಳೂರಿನ ಮಿಷನರಿಯೊಬ್ಬರ ಮಗನಾದ ರೈಸ್ ಈ ನೆಲದ ಕಲ್ಲುಕಲ್ಲನ್ನೂ ಓದಿಸಿದರು. ಆದರೆ ಚರ್ಚಿನಂಗಳದ ಸಮಾಧಿ ಕಲ್ಲು ಓದುವ ಕೆಲಸ ಆ ಶಾಸನಗಳ ಕೆಲಸದಂತೆ ಊರೂರಿಗೂ ತಲುಪಲಿಲ್ಲ.

ರೋಮಿಗೆ ಹೋಗಬೇಕಿಲ್ಲ, ಊರಲ್ಲೇ ಮಾಡುವ ಕೆಲಸ ಬಹಳವಿದೆ. ಪ್ರತಿ ಹಳೆಯ ಧರ್ಮಕೇಂದ್ರದ ಬೀರುವಿನಲ್ಲಿ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳಿರುತ್ತವೆ. ಹಳೆಯ ಪುಟಗಳಲ್ಲಿ ಲತೀನಿನ ಒಕ್ಕಣೆ, ನಡುವೆ ನಮ್ಮದೇ ಹೆಸರುಗಳಿರುತ್ತವೆ: ಮರಿಯಪ್ಪ, ಚೌರಪ್ಪ, ಅಂತೋಣಪ್ಪ, ಜಪಮಾಲಮ್ಮ. ಗೆದ್ದಲು ಮುಟ್ಟುವ ಮುಂಚೆ ಅವನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿಸಿ. ಕಟ್ಟಡ ಕೆಡವುವ ಮುಂಚೆ ನಾಲ್ಕೂ ಕಡೆಯಿಂದ ಚಿತ್ರ ತೆಗೆಸಿ, ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆಸಿ ನಕ್ಷೆ ಬರೆಸಿ. ಹಳೆಯ ಅಡಿಗಲ್ಲನ್ನು ಹೊಸ ಗೋಡೆಯಲ್ಲಿ ಕಣ್ಣಿಗೆ ಕಾಣುವಂತೆ ಕೂರಿಸಿ. ಗಾರೆ ಉದುರಿದ ಗೋಡೆಗೆ ಸಿಮೆಂಟು ಮೆತ್ತಬೇಡಿ, ಗಾರೆಯನ್ನೇ ಹಾಕಿಸಿ. ನಾಟಕದ ಹಳೆಯ ಮಾತುಗಳನ್ನು ಬಲ್ಲ ಅಜ್ಜಂದಿರು ಇನ್ನೂ ಇದ್ದರೆ ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸು ಕಾಲದಲ್ಲೇ ಅವರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಮುಂದಿನ ವರ್ಷಕ್ಕೆ ತಳ್ಳಬೇಡಿ.